ಚಪ್ಪರ ಕಿತ್ತ ಮೇಲೆ



ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ, ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಫೋನು ಬಂತು. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಬೆಳಗಿನ ಮೊದಲ ಫೋನು ಸಾಮಾನ್ಯವಾಗಿ "ಆನ್ ಆಗ್ತಿಲ್ಲ" ಅಂತಲೇ ಇರುತ್ತದೆ. ಮೇಷ್ಟ್ರದು ಬೇರೆ ಥರ.

"ಏನಪ್ಪಾ, ನನ್ನ ಪ್ರಿಂಟರು ಗುಜರಿಗೆ ಹೋಗಿ ಎರಡು ವರ್ಷ ಆಯ್ತು. ಆದರೂ ದಿನಾ ಕಂಪ್ಯೂಟರ್ ಹಾಕಿದ ಕೂಡಲೇ ಮೂಲೇಲಿ ಒಂದು ಚೀಟಿ ಏಳುತ್ತೆ. ಪ್ರಿಂಟರ್ ಸಿಗ್ತಿಲ್ಲ, ಸ್ವಿಚ್ ಹಾಕಿದ್ದೀರಾ ನೋಡಿ ಅನ್ನುತ್ತೆ. ನಾನೀಗ ಗುಜರಿಯವನ ಅಂಗಡಿಗೆ ಹೋಗಿ ಸ್ವಿಚ್ ಹಾಕಿ ಬರಲಾ?"

"ಅದರ ಸಾಫ್ಟ್‌ವೇರ್ ತೆಗೆದಿದ್ರಾ ಸಾರ್?"

"ಅವತ್ತೇ ತೆಗೆದೆನಲ್ಲ! ಯಶಸ್ವಿಯಾಗಿ ತೆಗೆಯಲಾಗಿದೆ ಅಂತ ಅದೇ ಹೇಳ್ತು."

ಹೇಳುತ್ತದೆ, ನಿಜ. ಅನ್‌ಇನ್‌ಸ್ಟಾಲ್ ಮಾಡಿದಾಗ ಕೊನೆಗೆ ಬರುವ ಆ ಸಾಲನ್ನು ನಾನು ಸಾವಿರ ಸಲ ಓದಿರಬೇಕು. ಅದನ್ನು ಪೂರ್ತಿ ನಂಬಿದ್ದು ಮೊದಲ ವರ್ಷ ಮಾತ್ರ. ಕಂಪ್ಯೂಟರಿನಿಂದ ತೆಗೆದುಹಾಕಿದ ಸಾಫ್ಟ್‌ವೇರು ಏನನ್ನು ಬಿಟ್ಟುಹೋಗುತ್ತದೆ, ಅದರಲ್ಲಿ ಯಾವುದನ್ನು ಗುಡಿಸಬೇಕು, ಯಾವುದನ್ನು ಮುಟ್ಟದೆ ಇರುವುದು ಒಳ್ಳೆಯದು ಅನ್ನುವುದು ಇವತ್ತಿನ ಮಾತು.

ಮನೆಯಂಗಳದಲ್ಲೇ ಮದುವೆ ಮಾಡುತ್ತಿದ್ದ ಕಾಲವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಗುಂಡಿ ತೋಡಿ ಕಂಬ ನೆಡುತ್ತಿದ್ದರು, ಅಡಕೆ ದಬ್ಬೆ ಕಟ್ಟಿ ಗರಿ ಹೊದಿಸುತ್ತಿದ್ದರು. ದೇವಸ್ಥಾನದಿಂದ ಕೊಪ್ಪರಿಗೆ ಬರುತ್ತಿತ್ತು. ಅಕ್ಕಪಕ್ಕದ ಮನೆಗಳಿಂದ ಹಂಡೆ, ಕೊಳಗ, ಸೌಟು, ಜಮಖಾನ. ಯಾರ ಮನೆಯಿಂದ ಏನು ಬಂತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಲು ಒಬ್ಬ ಹುಡುಗ. ಮದುವೆಯಾಗಿ ಮೂರನೇ ದಿನಕ್ಕೆ ಚಪ್ಪರ ಕಿತ್ತರೆ ಅಂಗಳ ಮೊದಲಿನ ಹಾಗೆ ಆಗುತ್ತಿತ್ತೇ? ಕಂಬದ ಗುಂಡಿ ಇರುತ್ತಿತ್ತು, ಒಲೆ ಹೂಡಿದ ಜಾಗದ ಕಪ್ಪು ಇರುತ್ತಿತ್ತು. ಯಾರೋ ನೆಂಟರು ಮರೆತ ಕೊಡೆ ಜಗುಲಿಯ ಮೂಲೆಯಲ್ಲಿ ಆರು ತಿಂಗಳು ನೇತಾಡುತ್ತಿತ್ತು. ಆ ಕೊಡೆ ಹುಡುಗನ ಪಟ್ಟಿಯಲ್ಲಿ ಇಲ್ಲ, ಏಕೆಂದರೆ ಅದನ್ನು ಅವನು ತರಿಸಿದ್ದಲ್ಲ.

ಸಾಫ್ಟ್‌ವೇರ್ ಹಾಕುವಾಗಲೂ ಹೀಗೊಂದು ಪಟ್ಟಿ ತಯಾರಾಗುತ್ತದೆ. ಯಾವ ಫೋಲ್ಡರಿಗೆ ಯಾವ ಫೈಲು ಇಟ್ಟೆ, ಎಲ್ಲಿ ಏನು ಬರೆದೆ ಅಂತ ಇನ್‌ಸ್ಟಾಲರ್ ನಮೂದಿಸಿಕೊಳ್ಳುತ್ತದೆ. ತೆಗೆಯುವಾಗ ಅನ್‌ಇನ್‌ಸ್ಟಾಲರ್ ಆ ಪಟ್ಟಿ ಹಿಡಿದು ಒಂದೊಂದನ್ನೇ ವಾಪಸು ಮಾಡುತ್ತದೆ. ತೊಂದರೆ ಬರುವುದು ಕೊಡೆಯ ವಿಷಯದಲ್ಲಿ. ನೀವು ಆ ಸಾಫ್ಟ್‌ವೇರನ್ನು ವರ್ಷಗಟ್ಟಲೆ ಬಳಸುವಾಗ ಅದು ಹುಟ್ಟಿಸಿದ ಫೈಲುಗಳು, ನಿಮ್ಮ ಇಷ್ಟದಂತೆ ಬದಲಾಯಿಸಿಕೊಂಡ ಸೆಟ್ಟಿಂಗುಗಳು, ತಾತ್ಕಾಲಿಕ ಅಂತ ಇಳಿಸಿಕೊಂಡು ಮರೆತ ಕಡತಗಳು, ಇವು ಯಾವುವೂ ಮೊದಲ ದಿನದ ಪಟ್ಟಿಯಲ್ಲಿ ಇರುವುದಿಲ್ಲ. ವಿಂಡೋಸಿನಲ್ಲಿ ಇವು ಹೆಚ್ಚಾಗಿ ಕೂರುವುದು ಆಪ್‌ಡೇಟಾ ಎಂಬ ಫೋಲ್ಡರಿನಲ್ಲಿ. ಅದರೊಳಗೆ ಲೋಕಲ್, ಲೋಕಲ್‌ಲೋ, ರೋಮಿಂಗ್ ಅಂತ ಮೂರು ಕೋಣೆ. ಇಡೀ ಯಂತ್ರಕ್ಕೆ ಸೇರಿದ್ದಾದರೆ ಪ್ರೋಗ್ರಾಮ್‌ಡೇಟಾ ಎಂಬಲ್ಲಿ. ಎರಡೂ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಹಾಗೆ ಅಡಗಿಸಿಟ್ಟ ಫೋಲ್ಡರುಗಳು. ಹಾಗಾಗಿ ಪ್ರೋಗ್ರಾಮ್ ಫೈಲ್ಸ್ ಖಾಲಿಯಾದದ್ದು ನೋಡಿ ಜನ ಎಲ್ಲ ಹೋಯಿತು ಅಂದುಕೊಳ್ಳುತ್ತಾರೆ.

ಕೆಲವನ್ನು ಅನ್‌ಇನ್‌ಸ್ಟಾಲರ್ ಬೇಕೆಂದೇ ಬಿಡುತ್ತದೆ. ನೀವು ನಾಳೆ ಮತ್ತೆ ಹಾಕಬಹುದು, ಆಗ ಹಳೆಯ ಸೆಟ್ಟಿಂಗು ಸಿಗಲಿ ಅಂತ. ಇದನ್ನು ಸೌಜನ್ಯ ಅನ್ನಿ. ಆದರೆ ಮೂವತ್ತು ದಿನದ ಉಚಿತ ಪ್ರಯೋಗಕ್ಕೆ ಕೊಡುವ ಸಾಫ್ಟ್‌ವೇರುಗಳು "ಈ ಮನುಷ್ಯ ಒಮ್ಮೆ ಬಂದು ಹೋಗಿದ್ದಾನೆ" ಅಂತ ಗುಟ್ಟಾಗಿ ಒಂದು ಗುರುತು ಬಿಟ್ಟುಹೋಗುವುದೂ ಉಂಟು. ಅದರಲ್ಲಿ ಸೌಜನ್ಯ ಏನೂ ಇಲ್ಲ. ಇನ್ನು ತೆಗೆಯುವ ಗಳಿಗೆಯಲ್ಲಿ ಬಳಕೆಯಲ್ಲಿರುವ ಫೈಲನ್ನು ವಿಂಡೋಸು ಅಳಿಸಲು ಬಿಡುವುದಿಲ್ಲ. "ಮುಂದಿನ ಸಲ ಯಂತ್ರ ಶುರುವಾಗುವಾಗ ಅಳಿಸು" ಅಂತ ಒಂದು ಚೀಟಿ ಬರೆದಿಟ್ಟುಕೊಂಡು, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಅನ್ನುತ್ತದೆ. ನಾವು "ಆಮೇಲೆ" ಒತ್ತುತ್ತೇವೆ. ಆಮೇಲೆ ಸೀದಾ ಇನ್ನೊಂದು ಸಾಫ್ಟ್‌ವೇರ್ ಹಾಕಲು ಹೊರಡುತ್ತೇವೆ.

ಡಾಸ್ ಕಾಲದಲ್ಲಿ ಈ ರಗಳೆ ಅಷ್ಟಿರಲಿಲ್ಲ. ಒಂದು ಸಾಫ್ಟ್‌ವೇರಿಗೆ ಒಂದು ಡೈರೆಕ್ಟರಿ. ಅದನ್ನು ಅಳಿಸಿದರೆ ಹೆಚ್ಚುಕಡಿಮೆ ಎಲ್ಲವೂ ಹೋದಂತೆ. ಆಟೋಎಕ್ಸೆಕ್ ಫೈಲಿನಲ್ಲಿ ಒಂದೋ ಎರಡೋ ಸಾಲು ಉಳಿದರೆ ಉಳಿಯಿತು. ವಿಂಡೋಸಿನ ಮೊದಲ ಆವೃತ್ತಿಗಳಲ್ಲಿ ಎಲ್ಲರೂ ವಿನ್ ಡಾಟ್ ಐಎನ್‌ಐ ಎಂಬ ಒಂದೇ ಫೈಲಿನಲ್ಲಿ ತಮ್ಮ ತಮ್ಮ ಸಾಲು ಬರೆಯತೊಡಗಿದರು. ಸಾರ್ವಜನಿಕ ಗೋಡೆಯ ಮೇಲೆ ಬರೆದ ಹಾಗೆ. ಬರೆಯುವವರು ಎಲ್ಲರೂ, ಒರೆಸುವವರು ಯಾರೂ ಇಲ್ಲ. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದಾಗ ಇದಕ್ಕೆಲ್ಲ ಒಂದು ಶಿಸ್ತು ತರುವ ಪ್ರಯತ್ನ ನಡೆಯಿತು. ರಿಜಿಸ್ಟ್ರಿ ಎಂಬ ದೊಡ್ಡ ಲೆಕ್ಕದ ಪುಸ್ತಕ ಬಂತು. ಕಂಟ್ರೋಲ್ ಪ್ಯಾನೆಲಿನಲ್ಲಿ ಹಾಕುವ, ತೆಗೆಯುವ ಕೆಲಸಕ್ಕೇ ಒಂದು ಕಿಟಕಿ ಬಂತು. ತನ್ನ ಡಬ್ಬದ ಮೇಲೆ ವಿಂಡೋಸ್ 95ರ ಮುದ್ರೆ ಹಾಕಿಕೊಳ್ಳಬೇಕಾದ ಸಾಫ್ಟ್‌ವೇರು ತನ್ನನ್ನು ತಾನೇ ತೆಗೆದುಕೊಳ್ಳುವ ದಾರಿಯನ್ನೂ ಕೊಡಬೇಕು ಅಂತ ನಿಯಮವಾಯಿತು.

ಆಗ ಎದ್ದದ್ದು ಕೊಪ್ಪರಿಗೆಯ ಸಮಸ್ಯೆ. ವಿಂಡೋಸಿನಲ್ಲಿ ಡಿಎಲ್ಎಲ್ ಅನ್ನುವ ಫೈಲುಗಳಿವೆ. ಹಲವು ಸಾಫ್ಟ್‌ವೇರುಗಳು ಹಂಚಿಕೊಂಡು ಬಳಸುವ ಪಾತ್ರೆಗಳು ಅನ್ನಿ. ಎಷ್ಟು ಜನ ಬಳಸುತ್ತಿದ್ದಾರೆ ಅನ್ನುವ ಲೆಕ್ಕವನ್ನು ರಿಜಿಸ್ಟ್ರಿಯಲ್ಲಿ ಇಡುವ ಏರ್ಪಾಡು ಮಾಡಿದರು. ಒಂದು ಸಾಫ್ಟ್‌ವೇರ್ ಬಂದರೆ ಲೆಕ್ಕಕ್ಕೆ ಒಂದು ಕೂಡು, ಹೋದರೆ ಒಂದು ಕಳೆ, ಸೊನ್ನೆಯಾದರೆ ಪಾತ್ರೆ ಎತ್ತಿಬಿಡು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕೆಲವು ಇನ್‌ಸ್ಟಾಲರುಗಳು ಲೆಕ್ಕ ಬರೆಯದೆ ಪಾತ್ರೆ ಬಳಸುತ್ತಿದ್ದವು. ಹಾಗಾಗಿ ಸೊನ್ನೆ ಬಂದಾಗಲೂ ಅನ್‌ಇನ್‌ಸ್ಟಾಲರಿಗೆ ಧೈರ್ಯ ಸಾಲದೆ ನಮ್ಮನ್ನೇ ಕೇಳುತ್ತಿತ್ತು: ಈ ಫೈಲನ್ನು ಈಗ ಯಾರೂ ಬಳಸುತ್ತಿಲ್ಲವೆಂದು ತೋರುತ್ತದೆ, ಅಳಿಸಿದರೆ ಬೇರೆ ಸಾಫ್ಟ್‌ವೇರು ಕೆಡಲೂಬಹುದು, ಅಳಿಸಲೇ, ಬೇಡವೇ? ಎಂಟಕ್ಷರದ ಒಂದು ವಿಚಿತ್ರ ಹೆಸರು ತೋರಿಸಿ ಹೀಗೆ ಕೇಳಿದರೆ ಯಾರು ಏನು ಹೇಳಬೇಕು? ಎಲ್ಲರೂ "ಬೇಡ" ಒತ್ತಿದೆವು. ಆ ತಲೆಮಾರಿನ ಕಂಪ್ಯೂಟರುಗಳಲ್ಲಿ ಕಸ ತುಂಬಿದ್ದಕ್ಕೆ ಸೋಮಾರಿತನ ಕಾರಣವಲ್ಲ, ಭಯ ಕಾರಣ.

ಭಯಪಡುವುದಕ್ಕೂ ಅರ್ಥವಿತ್ತು. 1998ರ ಕೊನೆಯಲ್ಲಿ ಅಮೆರಿಕದ ಬಂಗೀ ಎಂಬ ಕಂಪನಿ ಮಿಥ್ ಟೂ ಅನ್ನುವ ಒಂದು ಆಟ ಹೊರತಂದಿತು. ಅದರ ಅನ್‌ಇನ್‌ಸ್ಟಾಲರ್ ಪಟ್ಟಿ ನೋಡುವ ತಂಟೆಗೇ ಹೋಗುತ್ತಿರಲಿಲ್ಲ. ಆಟ ಯಾವ ಫೋಲ್ಡರಿನಲ್ಲಿದೆಯೋ ಆ ಫೋಲ್ಡರನ್ನು ಇಡಿಯಾಗಿ ಅಳಿಸುತ್ತಿತ್ತು. ಯಾರಾದರೂ ಆಟವನ್ನು ಅದರದೇ ಫೋಲ್ಡರಿನಲ್ಲಿ ಹಾಕದೆ ಡ್ರೈವಿನ ಬುಡಕ್ಕೇ ಹಾಕಿಕೊಂಡಿದ್ದರೆ? ಆಟ ತೆಗೆದಾಗ ಡ್ರೈವಿನಲ್ಲಿದ್ದ ಸಮಸ್ತವೂ ಹೋಗುತ್ತಿತ್ತು. ಚಪ್ಪರ ಕೀಳಲು ಬಂದವರು ಮನೆಯ ಮಾಡನ್ನೇ ಬಿಚ್ಚಿಕೊಂಡು ಹೋದ ಹಾಗೆ. ತಪ್ಪು ಪತ್ತೆಯಾದದ್ದು ಸಿಡಿಗಳು ಅಚ್ಚಾಗಿ ಅಂಗಡಿಗಳಿಗೆ ಹೊರಡುವ ಹೊತ್ತಿನಲ್ಲಿ. ಕಂಪನಿ ನಷ್ಟವಾದರೂ ಆಗಲಿ ಅಂತ ಅಷ್ಟನ್ನೂ ವಾಪಸು ತರಿಸಿಕೊಂಡು, ಸರಿಮಾಡಿದ ಸಿಡಿಗಳನ್ನು ಕಳಿಸಿತು. ಒಂದಿಷ್ಟು ಕಸ ಬಿಟ್ಟುಹೋಗುವ ಅನ್‌ಇನ್‌ಸ್ಟಾಲರನ್ನು ಬೈಯುವ ಮೊದಲು ನಾನು ಈ ಕಥೆ ನೆನಪಿಸಿಕೊಳ್ಳುತ್ತೇನೆ. ಸಂಶಯ ಬಂದಾಗ ಬಿಟ್ಟುಹೋಗುವುದು ಅದರ ಧರ್ಮ.

ಸರಿ, ಹಾಗಾದರೆ ಉಳಿದ ಕಸ ಕಂಪ್ಯೂಟರನ್ನು ನಿಧಾನ ಮಾಡುತ್ತದೆಯೇ? ಅಂಗಡಿಗೆ ಬರುವವರು ಮೊದಲು ಕೇಳುವುದೇ ಇದನ್ನು. "ಸಿಸ್ಟಮ್ ತುಂಬಾ ಸ್ಲೋ ಆಗಿದೆ, ರಿಜಿಸ್ಟ್ರಿ ಕ್ಲೀನ್ ಮಾಡಿಕೊಡಿ." ಯಾವುದೋ ಜಾಹೀರಾತು ಅವರಿಗೆ ಹೇಳಿಕೊಟ್ಟಿರುತ್ತದೆ. ಉಚಿತವಾಗಿ ಸಿಕ್ಕ ಒಂದು ಕ್ಲೀನರ್ ಓಡಿಸಿರುತ್ತಾರೆ, ಅದು ಕೆಂಪು ಅಕ್ಷರದಲ್ಲಿ 1,284 ದೋಷಗಳಿವೆ ಅಂತಲೋ ಇನ್ನೇನೋ ಒಂದು ದೊಡ್ಡ ಸಂಖ್ಯೆ ತೋರಿಸಿ, ಸರಿಪಡಿಸಲು ದುಡ್ಡು ಕೇಳಿರುತ್ತದೆ. ಆ ದೋಷಗಳಲ್ಲಿ ಹೆಚ್ಚಿನವು ಯಾವತ್ತೋ ಹೋದ ಸಾಫ್ಟ್‌ವೇರಿನ ಹೆಸರಿನಲ್ಲಿ ಉಳಿದ ಒಂದೊಂದು ಸಾಲು ಬರಹ. ರಿಜಿಸ್ಟ್ರಿಯನ್ನು ವಿಂಡೋಸು ಪುರಾಣದ ಹಾಗೆ ಮೊದಲಿನಿಂದ ಕೊನೆಯವರೆಗೆ ಓದುತ್ತಾ ಕೂರುವುದಿಲ್ಲ. ಅದು ಮರದ ಹಾಗೆ ಕವಲೊಡೆದಿದೆ. ಬೇಕಾದ ಕೊಂಬೆಗೆ ನೇರ ಹೋಗಿ ಬೇಕಾದ ಎಲೆ ನೋಡಿಕೊಂಡು ಬರುತ್ತದೆ. ಲಕ್ಷಗಟ್ಟಲೆ ನಮೂದುಗಳಿರುವ ಕಡೆ ಸಾವಿರ ಒಣ ಎಲೆ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಕಿತ್ತು ಕಂಪ್ಯೂಟರ್ ಚುರುಕಾದದ್ದನ್ನು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಕಿತ್ತು ಕೆಟ್ಟದ್ದನ್ನು ಕಂಡಿದ್ದೇನೆ.

ರಿಜಿಸ್ಟ್ರಿಯನ್ನು ಕಟ್ಟಿದ ಮೈಕ್ರೋಸಾಫ್ಟೇ ಇದರಲ್ಲಿ ಕೈ ಸುಟ್ಟುಕೊಂಡಿದೆ. 1990ರ ದಶಕದಲ್ಲಿ ರೆಗ್‌ಕ್ಲೀನ್ ಎಂಬ ಸಾಧನ ಕೊಟ್ಟು ಆಮೇಲೆ ಹಿಂತೆಗೆದುಕೊಂಡಿತು. ಅರ್ಧಕ್ಕೆ ನಿಂತ ಇನ್‌ಸ್ಟಾಲುಗಳನ್ನು ಗುಡಿಸಲು ಇನ್‌ಸ್ಟಾಲರ್ ಕ್ಲೀನಪ್ ಅನ್ನುವ ಇನ್ನೊಂದನ್ನು ಕೊಟ್ಟಿತ್ತು. ಅದು ಬೇರೆ ಸಾಫ್ಟ್‌ವೇರುಗಳ ಭಾಗಗಳನ್ನೂ ಕೆಡಿಸುತ್ತದೆ ಅಂತ 2010ರಲ್ಲಿ ಅದನ್ನೂ ನಿಲ್ಲಿಸಿತು. ರಿಜಿಸ್ಟ್ರಿ ಕ್ಲೀನರುಗಳನ್ನು ತಾನು ಬೆಂಬಲಿಸುವುದಿಲ್ಲ ಅಂತ ಈಗ ಬರೆದೇ ಹೇಳಿದೆ. ಇನ್ನೊಂದು ಕಥೆ 2017ರದು. ಸಿಸಿಕ್ಲೀನರ್ ಅಂದರೆ ಈ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಾದ ಸಾಧನ. ನಾನೂ ಬಳಸಿದವನೇ. ಆ ವರ್ಷ ಆಗಸ್ಟಿನಲ್ಲಿ ಬಂದ ಅದರ 5.33ನೇ ಆವೃತ್ತಿಯೊಳಗೆ, ಕಂಪನಿಗೇ ತಿಳಿಯದಂತೆ, ಕಳ್ಳರು ತಮ್ಮ ಕೋಡನ್ನು ಸೇರಿಸಿಬಿಟ್ಟಿದ್ದರು. ಕಂಪನಿಯ ಅಸಲಿ ಸಹಿಯೊಂದಿಗೇ ಅದು ಸುಮಾರು 22 ಲಕ್ಷ 70 ಸಾವಿರ ಕಂಪ್ಯೂಟರುಗಳಿಗೆ ಹೋಯಿತು. ಬಯಲಾದದ್ದು ಸೆಪ್ಟೆಂಬರಿನಲ್ಲಿ. ಇಲಿ ಹಿಡಿಯಲು ತಂದ ಬೋನಿನೊಳಗೇ ಹಾವು.

ಹಾಗಂತ ಎಲ್ಲವನ್ನೂ ಹಾಗೇ ಬಿಡಿ ಅನ್ನುತ್ತಿಲ್ಲ. ಸುಮ್ಮನೆ ಬಿದ್ದಿರುವ ಉಳಿಕೆ ಬೇರೆ, ಇನ್ನೂ ಓಡಾಡಿಕೊಂಡಿರುವ ಉಳಿಕೆ ಬೇರೆ. ಒಂದು ಸಾಫ್ಟ್‌ವೇರು ಹೋದ ಮೇಲೂ ಅದರ ಸರ್ವಿಸು ಹಿಂದೆ ಓಡುತ್ತಿರಬಹುದು. ಹೊಸ ಆವೃತ್ತಿ ಬಂದಿದೆಯೇ ಅಂತ ದಿನಕ್ಕೊಮ್ಮೆ ಎದ್ದು ನೋಡುವ ಕೆಲಸ ಟಾಸ್ಕ್ ಶೆಡ್ಯೂಲರಿನಲ್ಲಿ ಉಳಿದಿರಬಹುದು. ಮೇಷ್ಟ್ರ ಮನೆಯ ಚೀಟಿ ಈ ಜಾತಿಯದು. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಡ್ರೈವರ್.

ಸಿಡಿ ಡ್ರೈವಿಗೂ ವಿಂಡೋಸಿಗೂ ನಡುವೆ ಕೆಲವು ಸಾಫ್ಟ್‌ವೇರುಗಳು ತಮ್ಮದೊಂದು ಕೊಂಡಿ ತೂರಿಸುತ್ತವೆ. ಸಿಡಿಯಿಂದ ಬರುವ ಪ್ರತಿಯೊಂದೂ ಆ ಕೊಂಡಿ ದಾಟಿಯೇ ಬರಬೇಕು. ಸಾಫ್ಟ್‌ವೇರ್ ತೆಗೆದಾಗ ಕೊಂಡಿಯ ಫೈಲು ಅಳಿದು, "ನನ್ನನ್ನು ದಾಟಿ ಹೋಗಿ" ಅನ್ನುವ ಸಾಲು ಮಾತ್ರ ರಿಜಿಸ್ಟ್ರಿಯಲ್ಲಿ ಉಳಿಯಿತು ಅನ್ನಿ, ವಿಂಡೋಸು ಇಲ್ಲದ ಕೊಂಡಿಯನ್ನು ಹುಡುಕಿ ಸೋತು ಸಿಡಿ ಡ್ರೈವೇ ಇಲ್ಲ ಅಂದುಬಿಡುತ್ತದೆ. ಇಂಟರ್ನೆಟ್ಟಿಗೂ ಇದೇ ಥರ ಕೊಂಡಿ ಹಾಕುವವರಿದ್ದರು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಜಾಹೀರಾತಿನ ಒಂದು ಪೀಡೆಯನ್ನು ಕಿತ್ತುಹಾಕಿದ ಸಂತೋಷದಲ್ಲಿ ಬ್ರೌಸರ್ ತೆರೆದರೆ ಇಂಟರ್ನೆಟ್ಟೇ ಮಾಯ. ಮೋಡೆಮ್ ದೀಪ ಹಸಿರಾಗಿಯೇ ಉರಿಯುತ್ತಿರುತ್ತಿತ್ತು. ಈ ಗೋಳು ಎಷ್ಟಾಯಿತೆಂದರೆ 2004ರಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕಿನಲ್ಲಿ ಆ ಸರಪಳಿಯನ್ನು ಮೊದಲ ಸ್ಥಿತಿಗೆ ತರುವ ಒಂದು ಆಜ್ಞೆಯನ್ನೇ ಸೇರಿಸಿದರು. ನೆಟ್‌ಶ್, ವಿನ್‌ಸಾಕ್, ರೀಸೆಟ್, ಈ ಮೂರು ಪದ. ಆಗಿನ ರಿಪೇರಿಯವರಿಗೆ ಅದು ಗಾಯತ್ರಿ ಮಂತ್ರದಷ್ಟೇ ಬಾಯಿಪಾಠ.

ಕೊಂಡಿಯ ಕಥೆಯಲ್ಲಿ ಇತಿಹಾಸಕ್ಕೆ ಸೇರಿದ್ದು ಸೋನಿ ಬಿಎಂಜಿ ಪ್ರಕರಣ. 2005ರ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ತಜ್ಞರು ತಮ್ಮದೇ ಕಂಪ್ಯೂಟರಿನಲ್ಲಿ ಕಂಡದ್ದನ್ನು ಬರೆದು ಪ್ರಕಟಿಸಿದರು. ತಾವೇ ಬರೆದ ಒಂದು ಸಾಧನವನ್ನು ಪರೀಕ್ಷಿಸುವಾಗ, ಡಿಸ್ಕಿನಲ್ಲಿ ಇದ್ದರೂ ಕಣ್ಣಿಗೆ ಕಾಣದ ಫೈಲುಗಳು ಸಿಕ್ಕಿದವು. ಡಾಲರ್ ಚಿಹ್ನೆ, ಸಿಸ್, ಮತ್ತೆ ಡಾಲರ್ ಚಿಹ್ನೆ, ಹೀಗೆ ಹೆಸರು ಶುರುವಾಗುವ ಯಾವ ಫೈಲನ್ನಾದರೂ ಅಡಗಿಸುವ ಡ್ರೈವರ್ ಒಂದು ಒಳಗೆ ಸೇರಿಕೊಂಡಿತ್ತು. ಮೂಲ ಹುಡುಕಿದರೆ, ದುಡ್ಡು ಕೊಟ್ಟು ಕೊಂಡ ಒಂದು ಹಾಡಿನ ಸಿಡಿ. ಹಾಡು ನಕಲಾಗದಂತೆ ತಡೆಯಲು ಸೋನಿ ಬಿಎಂಜಿ ಅದರಲ್ಲಿ ಆ ಸಾಫ್ಟ್‌ವೇರನ್ನು ಇಟ್ಟಿತ್ತು. ತೆಗೆಯುವ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಅವರು ಕೈಯಾರೆ ಅಳಿಸಿದರು; ಅಳಿಸಿದ ಮೇಲೆ ಸಿಡಿ ಡ್ರೈವು ಮಾಯವಾಯಿತು. ಅದೇ ಕೊಂಡಿ. ಅವರಾದ್ದರಿಂದ ರಿಜಿಸ್ಟ್ರಿಯಲ್ಲಿ ಸಾಲು ಹುಡುಕಿ ಸರಿಮಾಡಿಕೊಂಡರು. ನಾವು ನೀವು ಆಗಿದ್ದರೆ ಹೊಸ ಸಿಡಿ ಡ್ರೈವ್ ಕೊಳ್ಳುತ್ತಿದ್ದೆವು. ಗಲಾಟೆಯಾದ ಮೇಲೆ ಕಂಪನಿ ತೆಗೆಯುವ ಸಾಧನವೊಂದನ್ನು ಇಂಟರ್ನೆಟ್ಟಿನ ಮೂಲಕ ಕೊಟ್ಟಿತು. ಅದು ಇನ್ನೂ ಚೆಂದ: ತೆಗೆಯಲು ಬಂದ ಆ ತುಣುಕು ತಾನೇ ಕಂಪ್ಯೂಟರಿನಲ್ಲಿ ಉಳಿದು, ಯಾವ ವೆಬ್ ಪುಟ ಬೇಕಾದರೂ ಒಳನುಗ್ಗುವಂಥ ಬಾಗಿಲು ತೆರೆದಿಡುತ್ತಿತ್ತು ಅಂತ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್‌ಮನ್ ತೋರಿಸಿದರು. ಅದೇ ನವೆಂಬರಿನಲ್ಲಿ ಕಂಪನಿ ಸಿಡಿಗಳನ್ನು ಮಾರುಕಟ್ಟೆಯಿಂದ ವಾಪಸು ಕರೆಸಿಕೊಂಡಿತು.

ಆಂಟಿವೈರಸುಗಳೂ ಇದೇ ಥರ ಆಳಕ್ಕೆ ಬೇರು ಬಿಡುವ ಜಾತಿ. ಅವುಗಳ ಕೆಲಸವೇ ಹಾಗೆ. ಯಾರೂ ಸುಲಭವಾಗಿ ಕಿತ್ತುಹಾಕಲಾಗದಂತೆ ಕೂತಿರಬೇಕು. ಅದಕ್ಕೇ ದೊಡ್ಡ ಕಂಪನಿಗಳು ತಮ್ಮ ಆಂಟಿವೈರಸ್ ತೆಗೆಯಲು ಬೇರೆಯೇ ಸಾಧನ ಕೊಡುತ್ತವೆ. ಒಂದನ್ನು ತೆಗೆದು ಇನ್ನೊಂದನ್ನು ಹಾಕುವಾಗ ಹಳೆಯ ಕಂಪನಿಯದೇ ಆ ಸಾಧನ ಓಡಿಸಿ. ಅಡ್ಡದಾರಿ ಬೇಡ.

ಈಗ ಮೇಷ್ಟ್ರ ಮನೆಗೆ ಹೋಗೋಣ. ಕಾಫಿ ಬಂತು. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಅನ್ನುವ ಭಾಗ ತೆರೆದೆ. ಕಂಪ್ಯೂಟರ್ ಶುರುವಾಗುವಾಗ ತಾವೂ ಎದ್ದು ಕೂರುವವರ ಹಾಜರಿ ಪಟ್ಟಿ ಅದು. ಪ್ರಿಂಟರಿನ ಸ್ಥಿತಿ ನೋಡಿಕೊಳ್ಳುವ ತುಣುಕು ಅಲ್ಲಿ ಹಾಜರಿತ್ತು. ವಿಷಯ ಏನೆಂದರೆ, ಪ್ರಿಂಟರ್ ತಂದ ದಿನ ಸಿಡಿ ಹಾಕಿ "ಮುಂದೆ, ಮುಂದೆ" ಅಂತ ಒತ್ತಿದಾಗ ಬಂದದ್ದು ಒಂದಲ್ಲ, ನಾಲ್ಕು. ಮುದ್ರಣದ ಡ್ರೈವರ್, ಸ್ಕ್ಯಾನಿನದೊಂದು, ಫೋಟೊ ಜೋಡಿಸುವುದೊಂದು, ಈ ಕಾವಲುಗಾರನೊಂದು. ಮೇಷ್ಟ್ರು ತೆಗೆದದ್ದು ಮೊದಲನೆಯದನ್ನು. ಉಳಿದ ಮೂವರಿಗೆ ಯಜಮಾನ ಹೋದ ಸುದ್ದಿ ಮುಟ್ಟಿರಲಿಲ್ಲ.

ನಾನು ಮಾಡಿದ್ದನ್ನು ನೀವೂ ಮಾಡಬಹುದು, ಗಡಿಬಿಡಿ ಇಲ್ಲದಿದ್ದರೆ. ಮೊದಲು ಸಾಫ್ಟ್‌ವೇರ್ ತೆಗೆಯುವ ಪಟ್ಟಿಯಲ್ಲಿ ಅದೇ ಕಂಪನಿಯ ಬೇರೆ ಹೆಸರುಗಳಿವೆಯೇ ನೋಡಿ, ಇದ್ದರೆ ಅವನ್ನು ಅಲ್ಲಿಂದಲೇ ತೆಗೆಯಿರಿ. ಫೋಲ್ಡರನ್ನು ನೇರವಾಗಿ ಅಳಿಸಲು ಹೋಗಬೇಡಿ. ಅನ್‌ಇನ್‌ಸ್ಟಾಲರ್ ಇರುವುದೂ ಸಾಮಾನ್ಯವಾಗಿ ಆ ಫೋಲ್ಡರಿನಲ್ಲೇ. ಅದನ್ನು ಅಳಿಸಿದರೆ ಹೆಸರು ಪಟ್ಟಿಯಲ್ಲಿ ಉಳಿದು, ತೆಗೆಯುವವನು ಇಲ್ಲವಾಗುತ್ತಾನೆ. ಈಗಾಗಲೇ ಹಾಗೆ ಮಾಡಿಕೊಂಡಿದ್ದರೆ ಅದೇ ಸಾಫ್ಟ್‌ವೇರನ್ನು ಮತ್ತೊಮ್ಮೆ ಹಾಕಿ, ಆಮೇಲೆ ಕ್ರಮವಾಗಿ ತೆಗೆಯಿರಿ. ಕೇಳಲು ತಮಾಷೆ ಅನ್ನಿಸಬಹುದು, ಆದರೆ ಹತ್ತರಲ್ಲಿ ಎಂಟು ಸಲ ನಾನು ಮಾಡುವ ಚಿಕಿತ್ಸೆ ಇದೇ. ತೆಗೆದ ಮೇಲೆ ರೀಸ್ಟಾರ್ಟ್ ಮಾಡಿ, "ಆಮೇಲೆ" ಬೇಡ. ಅಷ್ಟಾದರೂ ಏನೋ ಎದ್ದು ಕೂರುತ್ತಿದ್ದರೆ ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ನಿಲ್ಲಿಸಿ. ಇನ್ನೂ ಕೂಲಂಕಷವಾಗಿ ನೋಡಬೇಕೆಂದರೆ ಆಟೋರನ್ಸ್ ಅನ್ನುವ ಉಚಿತ ಸಾಧನವಿದೆ. ಅದೇ ರುಸಿನೋವಿಚ್ ಮತ್ತು ಅವರ ಜೊತೆಗಾರರು ಬರೆದದ್ದು, 2006ರಿಂದ ಮೈಕ್ರೋಸಾಫ್ಟಿನ ಪಾಲಿನದು. ಯಾವ ಸಾಲಿನ ಫೈಲು ಈಗ ಇಲ್ಲವೋ ಆ ಸಾಲನ್ನು ಅದು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಅಳಿಸುವ ಅಗತ್ಯವೂ ಇಲ್ಲ, ಎದುರಿನ ಟಿಕ್ ತೆಗೆದರೆ ಸಾಕು. ಎಡವಟ್ಟಾದರೆ ಮತ್ತೆ ಹಾಕಬಹುದು.

ಆಪ್‌ಡೇಟಾದ ರೋಮಿಂಗ್ ಕೋಣೆಗೆ ಹೋಗಲು ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಪರ್ಸೆಂಟ್ ಚಿಹ್ನೆ, ಆಪ್‌ಡೇಟಾ, ಮತ್ತೆ ಪರ್ಸೆಂಟ್ ಚಿಹ್ನೆ ಬರೆದು ಎಂಟರ್ ಒತ್ತಿ. ಅಲ್ಲಿ ಹೋದ ಸಾಫ್ಟ್‌ವೇರಿನ ಹೆಸರಿನ ಫೋಲ್ಡರ್ ಕಂಡರೆ ತಕ್ಷಣ ಅಳಿಸಬೇಡಿ. ಹೆಸರಿನ ಮುಂದೆ "ಹಳೆ" ಅಂತ ಸೇರಿಸಿ ಹದಿನೈದು ದಿನ ಬಿಡಿ. ಯಾರೂ ಅದನ್ನು ಕೇಳಿಕೊಂಡು ಬರದಿದ್ದರೆ ಆಮೇಲೆ ಅಳಿಸಿ. ವಿಂಡೋಸ್ ಫೋಲ್ಡರಿನೊಳಗೆ ಇನ್‌ಸ್ಟಾಲರ್ ಅನ್ನುವ ಇನ್ನೊಂದು ಅಡಗಿಸಿದ ಫೋಲ್ಡರಿದೆ. ಅದು ಹಲವು ಜಿಬಿ ತಿಂದಿರುವುದನ್ನು ನೋಡಿ ಹುಡುಗರಿಗೆ ಕೈ ತುರಿಸುತ್ತದೆ. ಅದರ ತಂಟೆಗೆ ಹೋಗಬೇಡಿ. ಮದುವೆ ಮನೆಯ ಹುಡುಗನ ನೋಟ್‌ಬುಕ್ಕು ಅದು; ಅದನ್ನು ಸುಟ್ಟರೆ ಮುಂದೆ ಹಲವು ಸಾಫ್ಟ್‌ವೇರುಗಳನ್ನು ಕ್ರಮವಾಗಿ ತೆಗೆಯಲಾಗದು, ರಿಪೇರಿಯೂ ಆಗದು.

ಮ್ಯಾಕ್ ಇರುವವರು ಐಕಾನನ್ನು ಎಳೆದು ಕಸದ ಬುಟ್ಟಿಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅವರ ಸೆಟ್ಟಿಂಗುಗಳೂ ಲೈಬ್ರರಿ ಎಂಬ ಅಡಗಿದ ಫೋಲ್ಡರಿನಲ್ಲಿ ಉಳಿದೇ ಇರುತ್ತವೆ. ಡೆಬಿಯನ್, ಉಬುಂಟು ಬಳಸುವವರಿಗೆ ರಿಮೂವ್ ಬೇರೆ, ಪರ್ಜ್ ಬೇರೆ ಅಂತ ಗೊತ್ತಿರುತ್ತದೆ. ಮೊದಲನೆಯದು ಸೆಟ್ಟಿಂಗು ಉಳಿಸಿ ತೆಗೆಯುತ್ತದೆ, ಎರಡನೆಯದು ಅದನ್ನೂ ತೆಗೆಯುತ್ತದೆ. ಇನ್ನು ಮೊಬೈಲಿನಲ್ಲಿ ಮುಖ್ಯವಾಗಿ ಉಳಿಯುವುದು ಫೋನಿನಲ್ಲಲ್ಲ, ಹೊರಗೆ. ಆಪ್ ಅಳಿಸಿದರೆ ನಿಮ್ಮ ಖಾತೆ ಅಳಿಯುವುದಿಲ್ಲ. ತಿಂಗಳಿಗಿಷ್ಟು ಅಂತ ಯುಪಿಐ ಆಟೋಪೇ ಒಪ್ಪಿಗೆ ಕೊಟ್ಟಿದ್ದರೆ ಆಪ್ ಹೋದ ಮೇಲೂ ದುಡ್ಡು ಕಡಿತವಾಗುತ್ತಲೇ ಇರುತ್ತದೆ. ಆ ಒಪ್ಪಿಗೆಯನ್ನು ಮೊದಲು ರದ್ದು ಮಾಡಿ, ಖಾತೆ ಮುಚ್ಚಿ, ಕೊನೆಗೆ ಆಪ್ ತೆಗೆಯಿರಿ.

ಗುಡಿಸಬಾರದ್ದನ್ನು ಗುಡಿಸಿ ನಾನೇ ಪಾಠ ಕಲಿತ ಕಥೆಯೊಂದಿದೆ. ಅಂಗಡಿ ಶುರುಮಾಡಿದ ಹೊಸದರಲ್ಲಿ ಒಬ್ಬ ಡಿಟಿಪಿಯವರು ಕಂಪ್ಯೂಟರ್ ತಂದರು. ನಿಧಾನವಾಗಿದೆ, ಒಂದಿಷ್ಟು ಕ್ಲೀನ್ ಮಾಡು ಅಂದರು. ಹಳೆಯ ಕನ್ನಡ ಸಾಫ್ಟ್‌ವೇರೊಂದನ್ನು ಅವರು ಯಾವತ್ತೋ ತೆಗೆದಿದ್ದರು. ಅದರ ಫಾಂಟುಗಳು ಮಾತ್ರ ಫಾಂಟ್ಸ್ ಫೋಲ್ಡರಿನಲ್ಲಿ ಸಾಲಾಗಿ ಕೂತಿದ್ದವು. ಯಜಮಾನ ಹೋದ ಮೇಲೆ ಇವಕ್ಕೇನು ಕೆಲಸ ಅಂತ ನಾನು ಉತ್ಸಾಹದಲ್ಲಿ ಎಲ್ಲವನ್ನೂ ಅಳಿಸಿದೆ. ಸಂಜೆ ಅವರು ವಾಪಸು ಬಂದರು. ಕೈಯಲ್ಲಿ ಒಂದು ಮದುವೆ ಕಾಗದದ ಪ್ರಿಂಟು. ಮೇಲುಗಡೆ ಶ್ರೀ ಇರಬೇಕಾದ ಜಾಗದಲ್ಲಿ ತಲೆಯ ಮೇಲೆ ಕೂತ ಒಂದು ಸಣ್ಣ ಎರಡು, ಅದರ ಪಕ್ಕ ಒಂದಕ್ಕೊಂದು ಅಂಟಿಕೊಂಡ ಎ ಮತ್ತು ಇ, ಆಮೇಲೆ ಮೀಸೆ ಇಟ್ಟ ಒಂದು ದೊಡ್ಡ ಎ. ಕೆಳಗೆ ವಧೂವರರ ಹೆಸರೂ ಅದೇ ಭಾಷೆಯಲ್ಲಿ. ಹತ್ತು ವರ್ಷದ ಅವರ ಎಲ್ಲ ಫೈಲೂ ಹಾಗೇ ಆಗಿತ್ತು. "ನಾಡಿದ್ದು ಹಂಚಬೇಕು ಕಣಯ್ಯ" ಅಂದರು, ಅಷ್ಟೇ.

ಆದದ್ದು ಇದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ಸಾಫ್ಟ್‌ವೇರುಗಳ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮನೆಗಳಲ್ಲಿ ಕೂರಿಸಿದ್ದರು. ಬೇರೆ ದಾರಿ ಇರಲಿಲ್ಲ ಆಗ. ಫೈಲಿನಲ್ಲಿ ನಿಜವಾಗಿ ಇರುವುದು ಆ ಚಿಹ್ನೆಗಳೇ. ಕನ್ನಡ ಇರುವುದು ಫಾಂಟಿನಲ್ಲಿ. ಫಾಂಟು ಹೋದರೆ ಕನ್ನಡ ಹೋಯಿತು. ವಿಂಡೋಸ್ ಎಕ್ಸ್‌ಪಿಯ ತುಂಗಾ, ಈಗಿನ ನಿರ್ಮಲ, ಇವು ಯೂನಿಕೋಡಿನವು. ಅವು ಇದ್ದರೂ ಆ ಹಳೆಯ ಫೈಲುಗಳಿಗೆ ಉಪಯೋಗವಿಲ್ಲ. ಪಕ್ಕದ ಊರಿನ ಪ್ರೆಸ್ಸಿನಿಂದ ಅದೇ ಫಾಂಟುಗಳನ್ನು ಪೆನ್‌ಡ್ರೈವಿನಲ್ಲಿ ತಂದು ರಾತ್ರಿ ಹತ್ತೂವರೆಗೆ ಹಾಕಿಕೊಟ್ಟೆ. ಕಾಗದ ಸರಿಯಾಗಿ ಅಚ್ಚಾಯಿತು. ಕ್ಲೀನ್ ಮಾಡಿದ ದುಡ್ಡು ಕೇಳುವ ಮುಖ ನನಗಿರಲಿಲ್ಲ. ನಿಮ್ಮ ಮನೆಯಲ್ಲೋ ಸಂಘದಲ್ಲೋ ಹಾಗೆ ಬರೆದಿಟ್ಟ ಹಳೆಯ ಕನ್ನಡ ಫೈಲುಗಳಿದ್ದರೆ ಆ ಫಾಂಟುಗಳನ್ನು ಕಸ ಅನ್ನಬೇಡಿ. ಪುರುಸೊತ್ತಾದಾಗ ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಅಲ್ಲಿಯವರೆಗೆ ಫಾಂಟುಗಳ ಒಂದು ಪ್ರತಿ 'ಮುಟ್ಟಬಾರದು' ಎಂಬ ಹೆಸರಿನ ಫೋಲ್ಡರಿನಲ್ಲಿ ಇರಲಿ. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅಂಥದ್ದೊಂದು ಇದೆ.

ಮೇಷ್ಟ್ರ ಕಂಪ್ಯೂಟರಿನಲ್ಲಿ ಚೀಟಿ ಏಳುವುದು ನಿಂತಿತು. ಎರಡು ವಾರ ಕಳೆದು ಮತ್ತೆ ಫೋನು.

"ಹೊಸ ಪ್ರಿಂಟರು ತಂದೆ ಕಣಪ್ಪಾ. ಡಬ್ಬದಲ್ಲಿ ಒಂದು ಸಿಡಿ ಕೊಟ್ಟಿದ್ದಾರೆ. ಹಾಕಲಾ?"

"ಬೇಡ ಸಾರ್. ಬರೀ ವೈರು ಚುಚ್ಚಿ, ಇಂಟರ್ನೆಟ್ ಆನ್ ಇರಲಿ. ಅದೇ ಡ್ರೈವರ್ ಹುಡುಕಿಕೊಳ್ಳುತ್ತೆ. ಐದು ನಿಮಿಷ ಕಾಯಿರಿ."

"ಸಿಡಿ ಏನು ಮಾಡ್ಲಿ ಹಾಗಾದರೆ?"

"ದಾಸವಾಳದ ಗಿಡಕ್ಕೆ ಕಟ್ಟಿ ಸಾರ್, ಮಂಗ ಬರಲ್ಲ."